ನನ್ನ ಕಾಲಿನ ಮೇಲೆ ಹೊತ್ತ ಹರಕೆಗಳು

ಎಲುಬು ಮುರಿದರೆ ಅದಕ್ಕೊಂದು ಕಥೆ ಇರಬೇಕು. ಬಚ್ಚಲಲ್ಲಿ ಜಾರಿದೆ, ಗಾಡಿಯ ಮೇಲಿಂದ ಬಿದ್ದೆ, ಎಮ್ಮೆ ಕೊಸರಿದಾಗ ಹಗ್ಗ ಕಾಲಿಗೆ ಸುತ್ತಿಕೊಂಡಿತು, ಮಾಳಿಗೆಯ ನಿಚ್ಚಣಿಕೆ ಕೈಕೊಟ್ಟಿತು, ಹೀಗೆ ಏನಾದರೂ ಒಂದು. ಮಾತಾಡಿಸಲು ಬಂದವರು ಬಿಸಿಲಲ್ಲಿ ನಡೆದು, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಬಂದಿರುತ್ತಾರೆ. ಅವರಿಗೆ ಒಂದು ಕಪ್ಪು ಚಹಾ, ಅದರ ಜೊತೆಗೆ ಬಿದ್ದ ಕಥೆಯೊಂದನ್ನು ಕೊಟ್ಟು ಕಳಿಸುವುದು ರೋಗಿಯ ಧರ್ಮ. ನನ್ನ ಹತ್ತಿರ ಚಹಾ ಇತ್ತು, ಕಥೆ ಇರಲಿಲ್ಲ. ಯಾಕೆಂದರೆ ನಾನು ಬಿದ್ದಿರಲೇ ಇಲ್ಲ. ನನ್ನ ಎಡಗಾಲಿನ ಹರಡಿನ, ಅಂದರೆ ಪಾದದ ಕೀಲಿನ ಎಲುಬು ಯಾರಿಗೂ ಹೇಳದೆ ಕೇಳದೆ, ಒಂದು ಸಪ್ಪಳ ಕೂಡ ಮಾಡದೆ, ತನ್ನಷ್ಟಕ್ಕೆ ತಾನೇ ಬಿರುಕು ಬಿಟ್ಟಿತ್ತು. ಹೀಗೆಂದರೆ ನಮ್ಮ ರೋಣದಲ್ಲಿ ಯಾರು ನಂಬುತ್ತಾರೆ ಹೇಳಿ.

"ಹ್ಯಾಂಗ ಬಿದ್ರಿ?" ಎಂದು ಕೇಳುತ್ತಿದ್ದರು. "ಬಿದ್ದಿಲ್ರಿ" ಎನ್ನುತ್ತಿದ್ದೆ. "ಹಂಗಾದ್ರ ಕಾಲ ಮ್ಯಾಲೆ ಏನರ ಬಿತ್ತೇನು?" "ಅದೂ ಇಲ್ರಿ." ಇಷ್ಟಾದ ಮೇಲೆ ಬಂದವರ ಕಣ್ಣು ಮೆಲ್ಲಗೆ ಪಡಸಾಲೆಯ ಮೂಲೆಯಲ್ಲಿ ಕುಳಿತ ನಮ್ಮನೆಯವರ ಕಡೆ ಹೊರಳುತ್ತಿತ್ತು. ನಮ್ಮನೆಯವರು ಬಜಾರದಲ್ಲಿ ಭಾಂಡೆ ಅಂಗಡಿ ಇಟ್ಟಿದ್ದಾರೆ. ಸ್ಟೀಲಿನ ಡಬ್ಬಿಯ ಮೇಲೆ ಸ್ಟೀಲಿನ ಡಬ್ಬಿ ಇಡುವಾಗಲೂ ಸದ್ದಾಗದ ಹಾಗೆ ಇಡುವ ಮನುಷ್ಯ. ಮದುವೆಯಾದಂದಿನಿಂದ ಇಂದಿನವರೆಗೆ ನನ್ನ ಮೇಲೆ ಧ್ವನಿ ಏರಿಸಿದವರಲ್ಲ; ಏರಿಸಬೇಕಾದ ಸಂದರ್ಭದಲ್ಲಿ ಏರಿಸಿದವಳು ನಾನೇ. ಅಂಥವರನ್ನು ಬಂದ ಹೆಂಗಸರೆಲ್ಲ ಒಂದು ನಮೂನೆಯಾಗಿ ನೋಡತೊಡಗಿದಾಗ ಅವರಿಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. "ಬಚ್ಚಲದಾಗ ಜಾರಿದೆ ಅಂತ ಒಂದು ಮಾತು ಹೇಳಬಾರದೇನು? ನಿನ್ನ ಗಂಟೇನು ಹೋಗ್ತದ?" ಎಂದರು. "ಹಣಿ ತುಂಬ ವಿಭೂತಿ ಹಚ್ಕೊಂಡು ಸುಳ್ಳು ಹೇಳ್ಲೇನ್ರಿ?" ಎಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರ ಸಂಜಿಮುಂದ ಬಂದವರಿಗಷ್ಟ ಹೇಳು. ಅಷ್ಟೊತ್ತಿಗೆ ವಿಭೂತಿ ಅಳಿಸಿರ್ತದ" ಎಂದರು. ವ್ಯಾಪಾರಸ್ಥರ ಬುದ್ಧಿ ಹೀಗೆಯೇ.

ಖರೆ ಹೇಳಬೇಕೆಂದರೆ ಎಲುಬು ಮುರಿದದ್ದು ನನಗೂ ಬಹಳ ದಿನ ಗೊತ್ತಿರಲಿಲ್ಲ. ಹರಡಿನ ಒಳಮಗ್ಗಲು ನೋಯುತ್ತಿತ್ತು. ಉಳುಕಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕಿದೆ. ಬಿಸಿ ಉಪ್ಪಿನ ಶಾಖ ಕೊಟ್ಟೆ. ಕುಳಿತರೆ ಕಡಿಮೆ, ನಡೆದರೆ ಹೆಚ್ಚು. ಕುಳಿತುಕೊಳ್ಳುವುದು ನನ್ನ ಹಣೆಯಲ್ಲಿ ಬರೆದಿಲ್ಲವಾದ್ದರಿಂದ ಹೆಚ್ಚೇ ಆಯಿತು. ಕೊನೆಗೆ ಗದಗಿನ ಎಲುಬಿನ ಡಾಕ್ಟರ ಹತ್ತಿರ ಹೋದೆವು. ಅವರು ಫೋಟೋ ತೆಗೆಸಿದರು, ಸಾಲದೆಂದು ಇನ್ನೊಂದು ದೊಡ್ಡ ಮಷೀನಿನೊಳಗೆ ಕಾಲು ಇಡಿಸಿ ತೆಗೆಸಿದರು, ಬೆಳಕಿಗೆ ಹಿಡಿದು ಕೂದಲೆಳೆಯಂಥ ಒಂದು ಗೆರೆ ತೋರಿಸಿದರು. "ಇದು ಒಮ್ಮೆಗೆ ಮುರಿದದ್ದಲ್ರಿ ಅಮ್ಮಾರ. ಅದ ಜಾಗಾದ ಮ್ಯಾಲೆ ದಿನಾ ಭಾರ ಬಿದ್ದು ಬಿದ್ದು ಸೀಳಿದ್ದು. ಮಿಲ್ಟ್ರಿ ಟ್ರೇನಿಂಗ್ ಮಾಡೋ ಹುಡುಗರಿಗೆ, ಓಡೋರಿಗೆ ಆಗೋದಿದು. ನೀವು ಎಲ್ಲೆರ ಓಡತೀರೇನು?" "ನಾ ಎಲ್ಲಿ ಓಡ್ಲಿರಿ ಸಾಹೇಬ್ರ. ಅಡಿಗಿಮನಿಯಿಂದ ಪಡಸಾಲಿ, ಪಡಸಾಲಿಯಿಂದ ಅಡಿಗಿಮನಿ." "ಅಷ್ಟಕ್ಕ ಮುರಿಯಂಗಿಲ್ರಿ. ಬ್ಯಾರೆ ಏನ ಮಾಡತೀರಿ ಹೇಳ್ರಿ." ಆಗ ನಮ್ಮ ಅತ್ತೆ ಅಭಿಮಾನದಿಂದ ಮುಂದೆ ಬಂದು ಹೇಳಿದರು: "ಹನುಮಪ್ಪನ ಗುಡಿ ಸುತ್ತತಾಳ್ರಿ. ದಿನಾ ಮುಂಜಾನಿ. ಶ್ರಾವಣದಾಗಂತೂ ಕಾಲ ನಿಲ್ಲಂಗಿಲ್ಲ ನೋಡ್ರಿ ನನ್ನ ಸೊಸಿದು."

ಡಾಕ್ಟರು ಕನ್ನಡಕ ತೆಗೆದಿಟ್ಟರು. ಬರಿಗಾಲು, ಹಾಸುಗಲ್ಲು, ಅದೂ ದಿನವೂ ಒಂದೇ ಕಡೆಗೆ ತಿರುಗುವುದು. ಒಳಮಗ್ಗಲಿನ ಎಲುಬು ಎಷ್ಟು ಅಂತ ತಡೆದೀತು ಎಂದು ತಿಳಿಸಿ ಹೇಳಿದರು. ನನಗೆ ಒಳಗೊಳಗೇ ಸಂಕಟವಾಯಿತು. ದೇವರನ್ನು ಸುತ್ತಿದ್ದಕ್ಕೆ ಎಲುಬು ಮುರಿಯಿತೆಂದರೆ ಅದು ದೇವರ ಮೇಲೆ ಮಾತು ಬಂದ ಹಾಗಾಯಿತಲ್ಲ. ದಾರಿಯಲ್ಲಿ ಬರುತ್ತ ಅದನ್ನೇ ಯೋಚಿಸಿ, ಹನುಮಪ್ಪ ಒಂದು ಕಾಲಿಗಷ್ಟೇ ಮುಗಿಸಿದನಲ್ಲ, ಎರಡೂ ಕಾಲಿಗೆ ಮಾಡಬಹುದಾಗಿತ್ತು, ಮಾಡಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನನಗೆ ಇದೊಂದು ರೂಢಿ. ಏನೇ ಬರಲಿ, ಅದರಲ್ಲಿ ಉಳಿದದ್ದೇನು ಎಂದು ಹುಡುಕುತ್ತೇನೆ. ಡಾಕ್ಟರು ಕಾಲಿಗೆ ಹಾಕಿದ ದೊಡ್ಡ ಬೂಟಿನಲ್ಲಿ ಬೆರಳುಗಳು ಮಾತ್ರ ಹೊರಗೆ ಉಳಿದಿದ್ದವು. ಹಾಗಾಗಿ ಕಾಲುಂಗುರ ತೆಗೆಯುವ ಪ್ರಸಂಗ ಬರಲಿಲ್ಲ. ಅದೂ ಒಂದು ಕೃಪೆ. ಅತ್ತೆಯವರಿಗೆ ಮಾತ್ರ ಯಾವ ಸಮಾಧಾನವೂ ಬೇಕಾಗಿರಲಿಲ್ಲ. ಅವರು ಆಗಲೇ ಓಣಿಯಲ್ಲೆಲ್ಲ "ನನ್ನ ಸೊಸಿಗೆ ಮಿಲ್ಟ್ರಿಯವರಿಗೆ ಬರೋ ರೋಗ ಬಂದೈತಿ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ನಮ್ಮನೆಯವರ ಮೇಲಿನ ಸಂಶಯ ಅಲ್ಲಿಗೆ ನಿಂತಿತು. ಓಣಿಯ ಹೆಂಗಸರು ನನ್ನನ್ನು ಸ್ವಲ್ಪ ಗೌರವದಿಂದ ನೋಡತೊಡಗಿದರು.

ಇಲ್ಲಿಯವರೆಗೆ ಎಲ್ಲ ನೆಟ್ಟಗೇ ಇತ್ತು. ಕೆಲವು ವಾರ ಬೂಟು ಹಾಕಿಕೊಂಡು, ಆ ಕಾಲಿನ ಮೇಲೆ ಭಾರ ಬಿಡದೆ ಕುಳಿತಿದ್ದರೆ ಎಲುಬು ತಾನೇ ಕೂಡುತ್ತಿತ್ತು. ಆದರೆ ನಮ್ಮ ಅತ್ತೆಗೆ ಬರೀ ಔಷಧದ ಮೇಲೆ ಬಿಡುವುದೆಂದರೆ ಮನೆಯ ಕದ ಹಾಕಿ ಚಿಲಕ ಹಾಕದೆ ಮಲಗಿದ ಹಾಗೆ. ಗದಗಿನಿಂದ ಬಂದ ದಿನವೇ ಕೈಕಾಲು ತೊಳೆದುಕೊಂಡು, ದೇವರ ಮುಂದೆ ನಿಂತು, ಗಜೇಂದ್ರಗಡದ ಗುಡ್ಡದ ಮೇಲಿನ ಈಶ್ವರನಿಗೆ ಹರಕೆ ಹೊತ್ತುಬಿಟ್ಟರು. ಕೇಳಿದ್ದು ನಾನು. ಊದಿನಕಡ್ಡಿಯ ಹೊಗೆಯ ಆಚೆಗೆ ಅವರ ಧ್ವನಿ ಸ್ಪಷ್ಟವಾಗಿತ್ತು: "ನನ್ನಪ್ಪಾ, ನನ್ನ ಸೊಸಿ ಕಾಲು ಲಗೂನ ನೆಟ್ಟಗ ಮಾಡು. ನೆಟ್ಟಗಾದ ಮರುಸೋಮಾರನ ಆಕಿ ಬರಿಗಾಲಲೆ ನಿನ್ನ ಮೆಟ್ಲಾ ಹತ್ತಿ ಬರತಾಳ."

ಹರಕೆ ಅವರದು. ಕಾಲು ನನ್ನದು. ನಮ್ಮ ಕಡೆ ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ತಾಯಿ ಮಗನ ಮೇಲೆ ಹೊರುತ್ತಾಳೆ, ಅಜ್ಜಿ ಮೊಮ್ಮಗಳ ಜಡೆಯ ಮೇಲೆ ಹೊರುತ್ತಾಳೆ, ಮುಡಿ ಕೊಟ್ಟು ಬಂದ ಮೇಲೆ ಆ ಹುಡುಗಿಗೆ ವಿಷಯ ತಿಳಿಯುತ್ತದೆ. ಪ್ರೀತಿ ಇದ್ದವರೇ ಹೊರುವುದು. ಅದಕ್ಕೇ ಬೇಡ ಅನ್ನಲು ಬಾಯಿ ಬರುವುದಿಲ್ಲ.

ವಾರಗಳು ಕಳೆದವು. ನೋವು ಬಹುತೇಕ ಹೋಯಿತು. ಡಾಕ್ಟರು ಮತ್ತೆ ಬಂದು ತೋರಿಸಿ ಎಂದ ದಿನ ಇನ್ನೂ ದೂರವಿತ್ತು. ಆದರೆ ಬೆಳಿಗ್ಗೆ ಅತ್ತೆ "ನೋವು ಹ್ಯಾಂಗೈತಿ?" ಎಂದು ಕೇಳಿದಾಗ ಸುಳ್ಳು ಹೇಳದ ನನ್ನ ಬಾಯಿ "ಇಲ್ರಿ, ಹೋಗೈತಿ" ಎಂದುಬಿಟ್ಟಿತು. ಅಷ್ಟೇ ಸಾಕಾಯಿತು. ಗುಣ ಕೊಟ್ಟ ಮೇಲೆ ತಡ ಮಾಡಿದರೆ ದೇವರು ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ನನ್ನದೂ ಅದೇ ನಂಬಿಕೆ, ಅದನ್ನು ಮುಚ್ಚಿಡುವುದಿಲ್ಲ. ಮರುಸೋಮವಾರ ಬೂಟು ಬಿಚ್ಚಿಟ್ಟು ಗಜೇಂದ್ರಗಡಕ್ಕೆ ಹೋದೆವು. ನಾನು ಮೆಟ್ಟಿಲು ಹತ್ತಿದೆ. ಅತ್ತೆ ಮೊಣಕಾಲು ನೋವಿನವರು, ಕೆಳಗೇ ಕುಳಿತರು. ಮೇಲೆ ದರ್ಶನ ಮಾಡಿ, ಕಣ್ಣು ತುಂಬಿಕೊಂಡು ಇಳಿದು ಬಂದಾಗ ಅವರು ನನ್ನ ಚಪ್ಪಲಿಗಳನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಮೇಲೆ ಸೆರಗು ಮುಚ್ಚಿಕೊಂಡು ಕುಳಿತಿದ್ದರು. "ಮಂಗ್ಯಾ ಒಯ್ದಾವು ಅಂತ ಇಟ್ಕೊಂಡೆ" ಎಂದರು. ಸೊಸೆಯ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡ ಅತ್ತೆಯ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದಕ್ಕೇ, ಇಳಿಯುವಾಗ ಕೊನೆಯ ಮೆಟ್ಟಿಲುಗಳಲ್ಲಿ ಹರಡಿನ ಒಳಗೆ ಏನೋ ಚುಳ್ಳೆಂದದ್ದನ್ನು ಅವರಿಗೆ ಅಲ್ಲಿ ಹೇಳಲಿಲ್ಲ.

ಗದಗಿನ ಡಾಕ್ಟರು ಹೊಸ ಫೋಟೋ ತೆಗೆಸಿ ಬೆಳಕಿಗೆ ಹಿಡಿದರು. ಅರ್ಧ ಕೂಡಿದ ಎಲುಬು ಮತ್ತೆ ಬಾಯಿ ಬಿಟ್ಟಿತ್ತು. ಮೊದಲಿನ ಗೆರೆ ಕೂದಲೆಳೆಯಷ್ಟಿದ್ದರೆ ಇದು ಹೊಲಿಗೆ ದಾರದಷ್ಟು. "ಏನ ಮಾಡಿದ್ರಿ?" ಎಂದರು. ಗುಣವಾದದ್ದಕ್ಕೆ ದೇವರಿಗೆ ಹೋಗಿ ಬಂದೆವು ಎಂದೆ. ಅವರು ನಮ್ಮನೆಯವರ ಮುಖ ನೋಡಿದರು, ನಮ್ಮನೆಯವರು ಫ್ಯಾನು ನೋಡಿದರು. "ನೋಡ್ರಿ ಅಮ್ಮಾರ, ಇದು ಹಟಮಾರಿ ಜಾಗಾ. ರಕ್ತ ಕಡಿಮಿ ಬರತೈತಿ, ಕೂಡೋದು ನಿಧಾನ. ಇದೊಂದು ಸಲ ಬೂಟ ಹಾಕಿ ನೋಡೋಣು. ಈ ಸಲ ಕೂಡಲಿಲ್ಲ ಅಂದ್ರ ಆಪರೇಶನ್ ಮಾಡಿ ಸ್ಕ್ರೂ ಹಾಕೋದು. ಆಮ್ಯಾಲೆ ಆ ಕಾಲು ಮಡಚಿ ನೆಲದ ಮ್ಯಾಲೆ ಕುಂಡ್ರಾಕ ಬರತೈತೋ ಇಲ್ಲೋ ನಾ ಹೇಳಂಗಿಲ್ಲ."

ಆಪರೇಶನ್ನಿಗೆ ನಾನು ಹೆದರುವವಳಲ್ಲ. ಆದರೆ ಕೊನೆಯ ಮಾತು ಎದೆಗೆ ನಾಟಿತು. ಮೊದಲ ಸಲದ ಬೂಟಿನ ದಿನಗಳಲ್ಲಿ ನಾನು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಿದ್ದೆ. ದೇವರ ಗೂಡು ನಮ್ಮ ಮನೆಯಲ್ಲಿ ತಗ್ಗಿನಲ್ಲಿದೆ; ಕುರ್ಚಿಯ ಮೇಲಿಂದ ದೇವರು ಕೆಳಗೆ ಕಾಣುತ್ತಾನೆ. ಮೇಲಿಂದ ಕೆಳಗೆ ಹೂವು ಹಾಕುವಾಗ, ಕೋಳಿಗೆ ಕಾಳು ಹಾಕಿದ ಹಾಗೆ ಅನಿಸಿ ನನಗೆ ಅಳು ಬಂದಿತ್ತು. ಚಕ್ಕಳಮಕ್ಕಳ ಹಾಕಿ, ದೇವರ ಸಮಕ್ಕೆ ಕುಳಿತು, ಹಣೆ ನೆಲಕ್ಕೆ ಹಚ್ಚಿ ಏಳುವ ಆ ಸ್ವಲ್ಪ ಹೊತ್ತು, ಇಡೀ ದಿನದಲ್ಲಿ ಅದೊಂದೇ ನನ್ನ ಸ್ವಂತದ್ದು. ಅದು ಹೋಗಬಾರದು. ಬೇರೆ ಏನು ಹೋದರೂ ಚಿಂತೆಯಿಲ್ಲ ಎಂದು ಎರಡನೆಯ ಸಲ ಬೂಟಿನೊಳಗೆ ಕಾಲಿಟ್ಟೆ.

ಆದರೆ ಸುದ್ದಿ ಹಬ್ಬಿತ್ತು. ಕಾಲು ಎರಡನೆಯ ಸಲ ಕೆಟ್ಟಿತೆಂದರೆ ಹರಕೆಯಲ್ಲಿ ಜೋರು ಸಾಲದು ಎಂದೇ ಅರ್ಥ. ಅತ್ತೆ ತಮ್ಮ ಹಳೆಯ ಹರಕೆಯನ್ನೇ ಮತ್ತೊಮ್ಮೆ ಹೊತ್ತರು, ಈ ಸಲ ಉಪವಾಸ ಸೇರಿಸಿ. ಉಪವಾಸವೂ ನನ್ನದೇ. ನರಗುಂದದಲ್ಲಿ ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ಸುಮಂಗಲಾ ಇದ್ದಾಳೆ, ಬಂಗಾರದಂಥ ಹುಡುಗಿ. ಫೋನು ಮಾಡಿ, "ಅಕ್ಕಾರ, ಇನ್ನ ಚಿಂತಿ ಬಿಡ್ರಿ. ನಮ್ಮೂರ ಗುಡ್ಡದ ದೇವರಿಗೆ ಬೇಡಕೊಂಡೇನಿ. ನಿಮ್ಮ ಕಾಲು ನೆಟ್ಟಗಾದ್ರ ನೀವು ಕೆಳಗಿಂದ ಮ್ಯಾಲಿನ ತನಕಾ ನಡಕೊಂಡು ಬರತೀರಿ ಅಂತ" ಎಂದಳು. "ಬೂಟ ಹಾಕ್ಕೊಂಡೋ, ಬಿಚ್ಚೋ?" ಎಂದು ಕೇಳಿದೆ. "ಬೂಟ ಹಾಕ್ಕೊಂಡು ದೇವರ ಹಂತ್ಯಾಕ ಹ್ಯಾಂಗ ಹೋಗ್ತೀರಕ್ಕಾರ" ಎಂದು ಅವಳೇ ನೊಂದುಕೊಂಡಳು.

ಇಲ್ಲಿ ನಮ್ಮ ಸೀಮೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನೀವು ನರೇಗಲ್ಲಿನ ಕಡೆ ಹೋಗಿ, ಹೊಳೆಆಲೂರಿನ ಕಡೆ ಹೋಗಿ, ಕಣ್ಣು ಹರಿಯುವಷ್ಟು ದೂರ ಎರೆ ಹೊಲ. ರೊಟ್ಟಿ ಬಡಿದು ಹಾಸಿದ ಹಾಗೆ ಸಪಾಟು. ಇಷ್ಟೊಂದು ಸಪಾಟು ನೆಲ ಬಿಟ್ಟು, ಇದ್ದ ಎರಡೇ ಎರಡು ಗುಡ್ಡಗಳನ್ನು ಹುಡುಕಿ ಹತ್ತಿ ಕುಳಿತುಕೊಳ್ಳಬೇಕೆಂದು ದೇವರಿಗೆ ಯಾಕೆ ಅನಿಸಿತೋ. ಜೋಳದ ಹೊಲದ ಬದುವಿನ ಮೇಲೆ ಇದ್ದಿದ್ದರೆ ನನ್ನ ಎಲುಬು ಯಾವಾಗಲೋ ಕೂಡಿರುತ್ತಿತ್ತು.

ಪಕ್ಕದ ಮನೆಯ ಮಾಬೂಬಿಯೂ ದರ್ಗಾಕ್ಕೆ ಬೇಡಿಕೊಂಡಿದ್ದಳು. ಅವಳ ಗಂಡ ಗಾದಿ ಹೊಲಿಯುತ್ತಾನೆ. ನನ್ನ ಕಾಲಿನ ಕೆಳಗೆ ಇಟ್ಟುಕೊಳ್ಳಲು ಹೊಸ ಹತ್ತಿ ತುಂಬಿದ ತಲೆದಿಂಬು ಕೊಟ್ಟು ಕಳಿಸಿದ್ದ. ಹೆದರುತ್ತಲೇ ಕೇಳಿದೆ, "ನೀ ಏನ ಅಂತ ಬೇಡಕೊಂಡೀ ಮಾಬೂಬಿ? ನಾ ಎಲ್ಲಿಂದ ಎಲ್ಲಿಗೆ ನಡೀಬೇಕು?" ಅವಳು ನಕ್ಕಳು. "ನೀ ಯಾಕ ನಡೀತಿ ಅಕ್ಕಾ. ಹೂವಿನ ಚಾದರ ಹೊಚ್ಚತೀನಿ ಅಂದೇನಿ. ನಾನ ಹೋಗತೀನಿ. ಬೇಡಕೊಂಡಾಕಿ ನಾನಲ್ಲೇನು?" ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಬತ್ತಿ ಹೊಸೆಯುತ್ತ ಕುಳಿತವರು ತಲೆ ಎತ್ತಲಿಲ್ಲ. "ಅವರ ಪದ್ಧತಿ ಬ್ಯಾರೆ" ಎಂದಷ್ಟೇ ಅಂದರು.

ಹೀಗೆ ನನ್ನ ಒಂದು ಕಾಲನ್ನು ಎರಡು ಗುಡ್ಡಗಳಿಗೆ ಬರೆದುಕೊಟ್ಟ ಮೇಲೆ ನನ್ನ ಪ್ರಾರ್ಥನೆಯೇ ಕೆಟ್ಟಿತು. ಬೆಳಿಗ್ಗೆ ಕುರ್ಚಿಯ ಮೇಲೆ ಕುಳಿತು ಕೈ ಮುಗಿದರೆ ಏನು ಬೇಡಬೇಕೆಂದೇ ತಿಳಿಯದು. ಎಲುಬು ಕೂಡಲಿ ಎಂದರೆ ಮರುಸೋಮವಾರವೇ ಮೆಟ್ಟಿಲು, ಮೆಟ್ಟಿಲೆಂದರೆ ಮತ್ತೆ ಬಿರುಕು, ಬಿರುಕೆಂದರೆ ಸ್ಕ್ರೂ. ಕೂಡದಿರಲಿ ಎಂದರೂ ಸ್ಕ್ರೂ. "ನಿನಗ ತಿಳದಂಗ ಮಾಡಪಾ" ಎಂದು ಹೇಳಿ ಕೈ ಇಳಿಸುತ್ತಿದ್ದೆ. ಎಲುಬಿಗೂ ಈ ಮಾತುಗಳೆಲ್ಲ ಕೇಳಿಸಿರಬೇಕು. ಕೂಡಿದರೆ ನನ್ನನ್ನು ಎಲ್ಲಿಗೆ ಒಯ್ಯುತ್ತಾರೆಂದು ಗೊತ್ತಿದ್ದ ಯಾವ ಎಲುಬು ತಾನೇ ಅವಸರ ಮಾಡೀತು. ಒಂದು ದಿನ ಧೈರ್ಯ ಮಾಡಿ ಅತ್ತೆಗೆ ಹೇಳಿದೆ. "ಅತ್ತಿ, ನೀವು ಹೊತ್ತ ಹರಕಿ ನೀವ ತೀರಿಸಬಾರದೇನ್ರಿ?" "ನನಗ ಮೆಟ್ಲಾ ಹತ್ತಾಕ ಬರತಿದ್ರ ನಿನ್ನ ಕಾಲಿನ ಮ್ಯಾಲೆ ಯಾಕ ಹೊರತಿದ್ದೆವಾ?" ಎಂದರು. ಉತ್ತರ ಸರಿಯಾಗಿಯೇ ಇತ್ತು. "ಹಂಗಾದ್ರ ಮಾತು ಸ್ವಲ್ಪ ಬದಲಿ ಮಾಡಿ, ಮೆಟ್ಲದ ಬುಡಕ್ಕ ಬಂದು ಕಾಯಿ ಒಡಸ್ತಾಳ ಅನ್ರಿ" ಎಂದು ಕೇಳಬಹುದಿತ್ತು. ಕೇಳಲಿಲ್ಲ. ದೇವರಿಗೆ ಕೊಟ್ಟ ಮಾತನ್ನು ನಮಗೆ ಅನುಕೂಲವಾದ ಹಾಗೆ ಎಳೆದಾಡಬಾರದು ಎಂದು ಮೊದಲಿನಿಂದ ಎಲ್ಲರಿಗೂ ಉಪದೇಶ ಮಾಡುತ್ತ ಬಂದವಳು ನಾನೇ.

ಈ ಸಲ ಮಾತ್ರ ಮನೆಯಲ್ಲಿ ಯಾರೂ ನನ್ನನ್ನು ಎದ್ದೇಳಗೊಡಲಿಲ್ಲ. ಅತ್ತೆ ಸ್ಟೂಲಿನ ಮೇಲೆ ಕುಳಿತು ಪಲ್ಯ ಮಾಡಿದರು. ರೊಟ್ಟಿ ಮಾಬೂಬಿಯ ಮನೆಯಿಂದ ಬಂತು, ಒಮ್ಮೊಮ್ಮೆ ಮಾರುವವರ ಕಡೆಯಿಂದ ಖಡಕ್ ರೊಟ್ಟಿ ಬಂತು. ಭಾಂಡೆ ತಿಕ್ಕುವ ಕೆಲಸ ನಮ್ಮನೆಯವರ ಪಾಲಿಗೆ ಬಂತು. ಆಯುಷ್ಯವೆಲ್ಲ ಭಾಂಡೆ ಮಾರಿದವರು, ಒಂದನ್ನೂ ತಿಕ್ಕಿದವರಲ್ಲ. ಮೊದಲ ವಾರವೇ ಬಚ್ಚಲಿನಿಂದ ಕೂಗಿದರು: "ಏ ಗಿರಿಜಾ, ಈ ಡಬರಿ ಕಂಠದಾಗ ಕೈನ ಹೋಗಂಗಿಲ್ಲಲ್ಲ. ಯಾವ ಪುಣ್ಯಾತ್ಮ ಇಂಥಾದ್ದು ಮಾರಿದಾ?" "ನೀವ ಮಾರೀರಿ. ಭಾಳ ಚಲೋ ಮಾಲು ಅಂತ ನನಗ ತಂದುಕೊಟ್ಟಿದ್ರಿ." ಸ್ವಲ್ಪ ಹೊತ್ತು ಬಚ್ಚಲಿನಿಂದ ನೀರಿನ ಸದ್ದು ಮಾತ್ರ ಬಂತು. ಆಮೇಲಿಂದ ಅಂಗಡಿಗೆ ಬಂದ ಹೆಣ್ಣುಮಕ್ಕಳಿಗೆ ಅವರೇ "ಬ್ಯಾಡ್ರಿ ಅಕ್ಕಾರ, ಇದನ್ನ ಒಯ್ಯಬ್ಯಾಡ್ರಿ, ತಿಕ್ಕಾಕ ತ್ರಾಸ ಐತಿ" ಎನ್ನತೊಡಗಿದ್ದಾರೆಂದು ಸುದ್ದಿ ಬಂತು. ವ್ಯಾಪಾರ ಇಳಿಯಿತೋ ಏರಿತೋ ನನಗೆ ಗೊತ್ತಿಲ್ಲ. ನನಗೆ ಮಾತ್ರ, ಈ ಕಾಲು ಮುರಿಯದಿದ್ದರೆ ಇದನ್ನೆಲ್ಲ ನೋಡುವ ಭಾಗ್ಯ ಎಲ್ಲಿತ್ತು ಅನಿಸಿತು. ಅದನ್ನೂ ಕೃಪೆಗಳ ಕಡೆಗೆ ಸೇರಿಸಿಕೊಂಡೆ.

ಕೊನೆಗೆ ಫೋಟೋದ ದಿನ ಬಂತು. ಡಾಕ್ಟರು ಬೆಳಕಿಗೆ ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ. "ಕೂಡೇತ್ರಿ ಅಮ್ಮಾರ" ಎಂದರು. "ಸ್ಕ್ರೂ ಬೇಕಾಗಿಲ್ಲ. ನೆಲದ ಮ್ಯಾಲೆ ನಿಧಾನಕ ಕುಂಡ್ರಾಕ ಸುರು ಮಾಡ್ರಿ. ಆದ್ರ ಕೇಳ್ರಿ, ಇದು ಇನ್ನೂ ಹಸಿ ಗ್ವಾಡಿ ಇದ್ದಂಗ. ಒಂದು ವರ್ಷ ಕಲ್ಲಿನ ಮ್ಯಾಲೆ ಬರಿಗಾಲು ಇಲ್ಲ, ಗುಡಿ ಸುತ್ತೋದಿಲ್ಲ, ಮೆಟ್ಲಾ ಅಂತೂ ಇಲ್ಲವ ಇಲ್ಲ." ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ಎರಡೂ ಕೈ ಎತ್ತಿ ಡಾಕ್ಟರಿಗೆ ಮುಗಿದರು. ಆದರೆ ಗಾಡಿ ಗದಗ ದಾಟಿ ರೋಣದ ದಾರಿ ಹಿಡಿದದ್ದೇ ತಡ, ಕಿಟಕಿಯ ಹೊರಗೆ ನೋಡುತ್ತ ಸಣ್ಣ ಧ್ವನಿಯಲ್ಲಿ ಹೇಳಿದರು: "ಎಲುಬು ಕೂಡಿತು ಅಂದ್ರ ದೇವರು ತನ್ನ ಕೆಲಸಾ ಮಾಡಿದಾ. ಇನ್ನ ನಮ್ಮ ಕೆಲಸಾ."

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಹೋಗುವುದಿಲ್ಲ ಅಂದರೆ ದೇವರಿಗೆ ತಪ್ಪಿದ ಹಾಗೆ, ಹೋದರೆ ಕಾಲಿಗೆ ತಪ್ಪಿದ ಹಾಗೆ. ಆಗ ಮುಂದಿನ ಸೀಟಿನಿಂದ ನಮ್ಮನೆಯವರು ತಿರುಗದೆಯೇ "ನಾ ಹತ್ತತೀನಿ" ಎಂದರು. ಅತ್ತೆ ಒಪ್ಪಲಿಲ್ಲ. "ಹರಕಿ ಆಕಿ ಕಾಲಿಂದು. ನಿನ್ನ ಕಾಲು ಹ್ಯಾಂಗ ನಡೀತೈತಿ?" "ಯವ್ವಾ, ಹೆಂಡ್ತಿ ಅಂದ್ರ ಅರ್ಧಾಂಗಿ ಅಂತ ಹೇಳಿ ಇಡೀ ಊರ ಮುಂದ ನನ್ನ ತಲಿ ಮ್ಯಾಲೆ ಅಕ್ಕಿಕಾಳು ಹಾಕಿಸಿದಾಕಿ ನೀನು. ಆ ಅರ್ಧದಾಗ ಕಾಲು ಬರಂಗಿಲ್ಲ ಅಂತ ಅವತ್ತ ಹೇಳಬೇಕಾಗಿತ್ತು." ಸ್ಟೀಲಿನ ಡಬ್ಬಿ ಸದ್ದಿಲ್ಲದೆ ಇಡುವ ಮನುಷ್ಯ ಇಷ್ಟು ದೊಡ್ಡ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ಅತ್ತೆ ಊರು ಬರುವವರೆಗೆ ಯೋಚನೆ ಮಾಡಿ ಕೊನೆಗೆ, "ಉಪಾಸ ಇರಬೇಕು. ನಡುವ ಕುಂಡ್ರಬಾರದು" ಎಂದು ಒಪ್ಪಿಕೊಂಡರು. ನರಗುಂದಕ್ಕೆ ಫೋನು ಮಾಡಿದಾಗ ಸುಮಂಗಲಾ, ಭಾವನವರೇ ಹತ್ತುತ್ತಾರೆಂದರೆ ನಮ್ಮ ಗುಡ್ಡವನ್ನು ನಾವಿಬ್ಬರೂ ಹತ್ತುತ್ತೇವೆ ಎಂದು ತನ್ನ ಗಂಡನನ್ನೂ ಸೇರಿಸಿ ಹೇಳಿಬಿಟ್ಟಳು. ಪಾಪ, ಮೈದುನ ಆ ಹೊತ್ತಿನಲ್ಲಿ ಮನೆಯಲ್ಲಿರಲಿಲ್ಲ.

ಸೋಮವಾರ ಅಂಗಡಿಗೆ ಬೀಗ ಬಿತ್ತು. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ನಾನೂ ಅತ್ತೆಯೂ ನೆರಳು ಹಿಡಿದು ಕುಳಿತೆವು. ನಮ್ಮನೆಯವರು ಪಂಚೆ ಮೇಲೆ ಕಟ್ಟಿಕೊಂಡು, ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಹತ್ತತೊಡಗಿದರು. ಅವರ ಬೆನ್ನು ಸಣ್ಣದಾಗುತ್ತ ಹೋದ ಹಾಗೆ ಅತ್ತೆಯ ಚಡಪಡಿಕೆ ದೊಡ್ಡದಾಯಿತು. "ಬಿಸಲ ಏರೇತಿ. ಕಲ್ಲು ಕಾದಿರ್ತಾವು." "ನಾ ಹತ್ತುವಾಗೂ ಬಿಸಲ ಇತ್ತಲ್ರಿ ಅತ್ತಿ." "ಅವಂಗ ರೂಢಿ ಇಲ್ಲವಾ. ಅಂಗಡ್ಯಾಗ ಕುಂತು ಕುಂತು ಪಾದ ಬೆಣ್ಣಿಯಾಗ್ಯಾವು." ಸ್ವಲ್ಪ ಹೊತ್ತಾದ ಮೇಲೆ ಅವರೇ ನನ್ನ ಬೂಟಿಲ್ಲದ ಪಾದವನ್ನು ನೋಡುತ್ತ, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಹೇಳಿದರು: "ಎಲ್ಲಾ ನನ್ನ ಮ್ಯಾಲೆ ಹೊರತಾಳ ಅಂತ ನಿನಗ ಅನಸ್ತದ, ನನಗ ಗೊತ್ತೈತಿ. ಮಕ್ಕಳ ಮ್ಯಾಲೆ ಹೊತ್ರ ನಡಸ್ತಾರೋ ಇಲ್ಲೋ, ದೇವರ ಮುಂದ ನನ್ನ ಮಾತು ಉಳೀತದೋ ಇಲ್ಲೋ. ನಿನ್ನ ಕಾಲಿನ ಮ್ಯಾಲೆ ಹೊತ್ರ ಆ ಚಿಂತಿ ಇಲ್ಲ." ಗುಡ್ಡದ ಬುಡದ ಗಾಳಿಗೆ ಕಣ್ಣಲ್ಲಿ ಮಣ್ಣು ಬಹಳ ಬೀಳುತ್ತದೆ. ಇಬ್ಬರೂ ಕಣ್ಣು ಒರೆಸಿಕೊಂಡೆವು.

ನಮ್ಮನೆಯವರು ಇಳಿದು ಬಂದಾಗ ಮುಖ ಕೆಂಪು ಟೊಮೆಟೊ. ಮಾತಾಡುವ ಮೊದಲು ಒಂದು ಚರಿಗೆ ನೀರು ಕುಡಿದರು. ನಂತರ ಸಮಾಧಾನದಿಂದ, "ಹರಕಿ ಮುಟ್ಟಿಸಿದೆ. ಮ್ಯಾಲೆ ಹೋದಾಂವ ನಂದೂ ಒಂದು ಬೇಡಕೊಂಡು ಬಂದೆ" ಎಂದರು. "ಏನ ಬೇಡಕೊಂಡ್ರಿ?" ಎಂದೆ. "ಇನ್ನ ಮ್ಯಾಲೆ ನಮ್ಮ ಮನ್ಯಾಗ ಯಾರೂ ಇನ್ನೊಬ್ಬರ ಮ್ಯಾಲೆ ಹರಕಿ ಹೊರದಂಗ ಬುದ್ಧಿ ಕೊಡಪಾ ಅಂದೆ." ಎಂಥ ಒಳ್ಳೆಯ ಬೇಡಿಕೆ ಎಂದು ನನ್ನ ಹೃದಯ ತುಂಬಿ ಬಂತು. ಅತ್ತೆ ಮಾತ್ರ ಇಂಥ ವಿಷಯದಲ್ಲಿ ಅನುಭವಸ್ಥರು. "ಬರೇ ಬೇಡಿದ್ರ ಆತೇನು? ಬದಲಿಗೆ ಏನ ಅಂದಿ?" ನಮ್ಮನೆಯವರು ನನ್ನ ಕಡೆ ನೋಡದೆ, ಪಾದ ತಿಕ್ಕಿಕೊಳ್ಳುತ್ತ ಹೇಳಿದರು: "ಏನೂ ಹೊಳೀಲಿಲ್ಲ. ಅಂಥಾ ಬುದ್ಧಿ ಬಂದ್ರ, ಬರೋ ಶ್ರಾವಣದ ತನಕಾ ಗಿರಿಜಾ ಚಹಾಕ್ಕ ಸಕ್ಕರಿ ಹಾಕ್ಕೊಳ್ಳಂಗಿಲ್ಲ ಅಂದೆ." ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಗುಡ್ಡದ ಕಡೆ ತಿರುಗಿ ಕೈ ಮುಗಿದರು. "ಬಂತಪಾ ನನ್ನಪ್ಪಾ. ಬುದ್ಧಿ ಬಂತು. ಈಗ ಬಂತು."

ನಿಮಗೆ ಗೊತ್ತಿರಲಿ, ನನಗೆ ಚಹಾ ಎಂದರೆ ಸಕ್ಕರೆ. ಚಹಾಪುಡಿ, ಹಾಲು ಅದರ ನೆಪ. ಮರುದಿನ ಬೆಳಿಗ್ಗೆ ಎಷ್ಟೋ ತಿಂಗಳ ಮೇಲೆ ನೆಲದ ಮೇಲೆ ಮಣೆ ಹಾಕಿ, ಕಾಲು ಮೆಲ್ಲಗೆ ಮಡಚಿ, ದೇವರ ಸಮಕ್ಕೆ ಕುಳಿತೆ. ನೋಯಲಿಲ್ಲ. ಹಣೆ ನೆಲಕ್ಕೆ ಹಚ್ಚಿ ಬಹಳ ಹೊತ್ತು ಹಾಗೆಯೇ ಇದ್ದೆ. ಬೇಡುವುದು ಏನೂ ಉಳಿದಿರಲಿಲ್ಲವಾದ್ದರಿಂದ ಮನಸ್ಸು ಸಕ್ಕರೆಯ ಕಡೆ ಹೋಯಿತು. ಎದ್ದು ಹೋಗಿ, ಅಂಗಡಿಗೆ ಹೊರಟಿದ್ದ ನಮ್ಮನೆಯವರನ್ನು ಬಾಗಿಲಲ್ಲಿ ತಡೆದೆ. "ನೆನಪ ಮಾಡ್ಕೊಂಡು ಹೇಳ್ರಿ. ದೇವರ ಮುಂದ ಸಕ್ಕರಿ ಅಂದ್ರೋ, ಸಿಹಿ ಅಂದ್ರೋ?" "ಸಕ್ಕರಿ ಅಂದೆ." "ಬೆಲ್ಲ?" "ಬೆಲ್ಲದ ಸುದ್ದಿನ ತಗದಿಲ್ಲ." "ಖರೇ ಹೇಳ್ರಿ. ಹಣಿ ಮ್ಯಾಲೆ ವಿಭೂತಿ ಐತಿ." "ಖರೇನ ಗಿರಿಜಾ, ಬೆಲ್ಲ ಅಂದಿಲ್ಲ."

ಈಗ ದಿನವೂ ಬೆಲ್ಲದ ಚಹಾ ಮಾಡಿಕೊಳ್ಳುತ್ತೇನೆ. ಹಾಲು ಒಡೆಯಬಾರದೆಂದರೆ ಒಲೆ ಆರಿಸಿದ ಮೇಲೆ ಬೆಲ್ಲ ಹಾಕಬೇಕು, ಅದೂ ಕೈ ಹಿಡಿಯದೆ ಹಾಕಬೇಕು. ದೇವರಿಗೆ ಕೊಟ್ಟ ಮಾತನ್ನು ಅನುಕೂಲಕ್ಕೆ ತಕ್ಕ ಹಾಗೆ ಎಳೆದಾಡಬಾರದು ಎಂಬ ನನ್ನ ಉಪದೇಶ ಈಗಲೂ ಜಾರಿಯಲ್ಲಿದೆ. ಓಣಿಯ ಹೆಣ್ಣುಮಕ್ಕಳು ಬಂದು ಕುಳಿತಾಗ ಅದನ್ನೇ ಹೇಳುತ್ತಿರುತ್ತೇನೆ, ಕಪ್ಪನ್ನು ಸ್ವಲ್ಪ ಬದಿಗೆ ಹಿಡಿದುಕೊಂಡು.